ಜಿಯೋಟೆಕ್‌ಗೆ ಹೊಸದಾಗಿ ಬಂದೋರು ಪದೇ ಪದೇ ಕೇಳೋ ಪ್ರಶ್ನೆಗಳು: ಯಾವ ಸ್ಪೆಷಲೈಸೇಷನ್ ಹಿಡೀಲಿ, ಯಾವಾಗ ಹಿಡೀಲಿ?

ಸಿವಿಲ್ ಮುಗ್ಸಿ, ಇಲ್ಲಾಂದ್ರೆ ಜಿಯೋಟೆಕ್ನಿಕಲ್‌ನಲ್ಲಿ, ಅಂದ್ರೆ ಕಟ್ಟೋದ್ರ ಕೆಳಗಿನ ಮಣ್ಣು ಕಲ್ಲು ನೋಡೋ ಇಂಜಿನಿಯರಿಂಗ್‌ನಲ್ಲಿ, ಎಂಟೆಕ್ ಮುಗ್ಸಿ, ಕೆಲ್ಸಕ್ಕೆ ಸೇರಿ ಒಂದೆರಡು ವರ್ಷ ಆದ ಹುಡುಗ್ರು ಹುಡ್ಗೀರು ಫೋನ್ ಮಾಡಿದ್ರೆ ಸುತ್ತಿ ಬಳಸಿ ಕೇಳೋದು ಒಂದೇ, ನಾನು ಸರಿಯಾದ ಲೈನಲ್ಲಿದೀನಾ ಅಂತ. ಟನಲ್‌ನಲ್ಲಿ ಇರೋರಿಗೆ ಫೌಂಡೇಶನ್‌ನೋರು ಮುಂದೆ ಹೋಗ್ತಿದಾರೆ ಅನ್ಸತ್ತೆ, ಫೌಂಡೇಶನ್‌ನೋರಿಗೆ ಸಾಫ್ಟ್‌ವೇರ್ ಬರೋರು ಮುಂದಿದಾರೆ ಅನ್ಸತ್ತೆ, ಲ್ಯಾಬಲ್ಲಿ ಇರೋರಿಗೆ ಉಳಿದೋರೆಲ್ಲಾ ಮುಂದಿದಾರೆ ಅನ್ಸತ್ತೆ. ಬೆಂಗಳೂರಲ್ಲಿದ್ಕೊಂಡು ಇದೇ ಕೆಲ್ಸ ಮಾಡ್ತಾ ಬಂದಿರೋದ್ರಿಂದ ಹೇಳ್ಬೇಕು ಅನ್ಸಿದ್ದನ್ನ ಒಂದ್ಕಡೆ ಬರ್ದಿದೀನಿ, ಉದಾಹರಣೆಗಳು ಹೆಚ್ಚಾಗಿ ನಮ್ಮ ಮಣ್ಣಿನವೇ.

ಡಿಸೈನ್ ಇಂಜಿನಿಯರ್ ಅಂತ ಕೆಲ್ಸಕ್ಕೆ ತಗೊಂಡು ಬೋರ್‌ಹೋಲ್ (ಮಣ್ಣು ಪರೀಕ್ಷೆಗೆ ಕೊರೆಯೋ ತೂತು) ಹತ್ರ ನಿಲ್ಸಿದಾರೆ. ಟೈಮ್ ವೇಸ್ಟ್ ಆಗ್ತಿದೆಯಾ?

ಇಲ್ಲ, ಖಂಡಿತ ಇಲ್ಲ, ಆದ್ರೆ ಅಲ್ಲಿ ಬರೀ ನಿಂತ್ಕೊಂಡಿದ್ರೆ ಮಾತ್ರ ಹೌದು.

ಎಸ್‌ಪಿಟಿನೇ (ಸ್ಟ್ಯಾಂಡರ್ಡ್ ಪೆನೆಟ್ರೇಷನ್ ಟೆಸ್ಟ್, ಬೋರ್ ತಳದಲ್ಲಿ ಕೊಳವೆ ಹೊಡೆದು ಇಳಿಸಿ ಮಣ್ಣು ಎಷ್ಟು ಗಟ್ಟಿ ಅಂತ ನೋಡೋದು) ತಗೊಳ್ಳಿ. ಪುಸ್ತಕದಲ್ಲಿ ಎರಡು ಸಾಲು: 63.5 ಕೆಜಿ ಸುತ್ತಿಗೆ, 75 ಸೆಂಟಿಮೀಟರ್ ಮೇಲಿಂದ ಬೀಳ್ಬೇಕು, ಮೊದಲ 15 ಸೆಂಟಿಮೀಟರ್ ಲೆಕ್ಕಕ್ಕಿಲ್ಲ, ಆಮೇಲಿನ 30 ಸೆಂಟಿಮೀಟರ್ ಇಳಿಯಕ್ಕೆ ಎಷ್ಟು ಏಟು ಬಿತ್ತೋ ಅದು ಎನ್ ವ್ಯಾಲ್ಯೂ. ಸೈಟಲ್ಲಿ ನೋಡಿ. ಟ್ರೈಪಾಡ್ ನಿಲ್ಸಿರ್ತಾರೆ, ಹಗ್ಗ ಎಳೆಯೋರು ಬೆಳಿಗ್ಗೆ ಏಳರಿಂದ ಎಳೀತಿರ್ತಾರೆ, ಮಧ್ಯಾಹ್ನ ಎರಡರ ಹೊತ್ತಿಗೆ ಕೈ ಸೋತಿರತ್ತೆ, ಸುತ್ತಿಗೆ 75ರ ಬದ್ಲು 60 ಸೆಂಟಿಮೀಟರ್ ಮಾತ್ರ ಮೇಲೆ ಹೋಗಿ ಬೀಳ್ತಿರತ್ತೆ. ಒಂದೊಂದು ಏಟಿನ ಶಕ್ತಿ ಕಮ್ಮಿ ಆದ್ರೆ ಏಟಿನ ಸಂಖ್ಯೆ ಜಾಸ್ತಿ ಆಗತ್ತೆ, ಅಂದ್ರೆ ನಿಜವಾಗ್ಲೂ 20 ಇರ್ಬೇಕಾದ ಎನ್ ಹೆಚ್ಚುಕಮ್ಮಿ 25 ಅಂತ ಶೀಟಲ್ಲಿ ಬರತ್ತೆ. ಇದು ಮಣ್ಣು ಗಟ್ಟಿ ಇದೆ ಅಂತ ಹೇಳೋ ಸುಳ್ಳು, ಡೇಂಜರ್ ಕಡೆಗಿರೋ ಸುಳ್ಳು. ಇನ್ನೊಂದು ಉಲ್ಟಾ ಕೇಸು: ಮರಳು ಮಣ್ಣಲ್ಲಿ ರಾಡ್ ಮೇಲೆತ್ತೋವಾಗ ಬೋರ್ ಒಳಗಿನ ನೀರು ಹೊರಗಿನ ಅಂತರ್ಜಲಕ್ಕಿಂತ ಕೆಳಗೆ ಹೋದ್ರೆ ತಳದಿಂದ ಮರಳು ಉಕ್ಕಿ ಸಡಿಲ ಆಗತ್ತೆ, ಆಗ 20 ಇರೋದು 8 ಬರಬಹುದು, ಆಫೀಸಲ್ಲಿ ಕೂತೋರು ಬೇಡದೇ ಇರೋ ಪೈಲ್ (ನೆಲದಾಳಕ್ಕೆ ಇಳಿಸೋ ಅಡಿಪಾಯದ ಕಂಬ) ಹಾಕ್ತಾರೆ.

ಈ ಎರಡನ್ನೂ ಕಣ್ಣಾರೆ ನೋಡಿದೋರು ಮುಂದೆ ಹತ್ತು ವರ್ಷ ಆದ್ಮೇಲೂ ಬೋರ್‌ಲಾಗ್ (ಯಾವ ಆಳದಲ್ಲಿ ಏನು ಸಿಕ್ತು ಅನ್ನೋ ದಾಖಲೆ) ಕೈಗೆ ಬಂದ ತಕ್ಷಣ ವಾಟರ್ ಟೇಬಲ್ ಎಲ್ಲಿ, ಕೇಸಿಂಗ್ (ಬೋರ್ ಗೋಡೆ ಕುಸೀದಂಗೆ ಇಳಿಸೋ ಪೈಪು) ಎಲ್ಲಿವರ್ಗೆ ಇತ್ತು ಅಂತ ಮೊದ್ಲು ನೋಡ್ತಾರೆ. ಡಿಸೈನ್ ಶುರು ಆಗೋದೇ ಅಲ್ಲಿಂದ. ಹಾಗಾಗಿ ಬೋರ್ ಹತ್ರ ಇರೋವಾಗ ಸ್ಯಾಂಪಲ್ ಕೈಯಲ್ಲಿ ಹಿಡ್ದು ನೀವೇ ಹೆಸರು ಬರೀರಿ, ಸಿಲ್ಟಾ (ನುಣ್ಣನೆ ಹೂಳು) ಕ್ಲೇನಾ (ಜೇಡಿ) ಅಂತ ಅಂಗೈ ಮೇಲೆ ಒದ್ದೆ ಮಾಡಿ ಅಲುಗಿಸಿ ನೋಡಿ, ಆಮೇಲೆ ಲ್ಯಾಬ್ ರಿಸಲ್ಟ್ ಬಂದಾಗ ತಾಳೆ ಹಾಕಿ. ಆರು ತಿಂಗಳು ಹೀಗೆ ಮಾಡಿದ್ರೆ ನಿಮ್ಮ ಅಂದಾಜಿಗೂ ಲ್ಯಾಬಿಗೂ ವ್ಯತ್ಯಾಸ ಎಷ್ಟು ಕಮ್ಮಿ ಆಗಿದೆ ಅಂತ ನಿಮ್ಗೇ ಆಶ್ಚರ್ಯ ಆಗತ್ತೆ.

ಹಾಗಂತ ಮೂರು ವರ್ಷ ಆದ್ರೂ ಡ್ರಿಲ್ಲಿಂಗ್ ಸೂಪರ್ವಿಷನ್ ಬಿಟ್ಟು ಬೇರೆ ಏನೂ ಕೊಡ್ತಿಲ್ಲ, ಕೇಳಿದ್ರೂ ಕೊಡ್ತಿಲ್ಲ ಅಂದ್ರೆ ಕಂಪನಿ ಬದ್ಲಾಯಿಸೋದ್ರಲ್ಲಿ ತಪ್ಪಿಲ್ಲ.

ಈಗ್ಲೇ ಒಂದು ಸ್ಪೆಷಲೈಸೇಷನ್ ಹಿಡೀದೇ ಇದ್ರೆ ಲೇಟ್ ಆಗತ್ತಾ?

ಈ ಭಯ ಜಾಸ್ತಿ ಹುಟ್ಟೋದು ಜಾಬ್ ಪೋಸ್ಟ್‌ಗಳನ್ನ ಓದಿ, ಅಲ್ಲಿ "ಟನಲ್‌ನಲ್ಲಿ ಎಂಟು ವರ್ಷ", "ಡ್ಯಾಮ್‌ನಲ್ಲಿ ಹತ್ತು ವರ್ಷ" ಅಂತೆಲ್ಲಾ ಬರ್ದಿರತ್ತಲ್ಲ, ಅದನ್ನ ನೋಡಿದ್ರೆ ಇವತ್ತೇ ಶುರು ಮಾಡ್ಬೇಕಿತ್ತು ಅನ್ಸೋದು ಸಹಜ.

ಆದ್ರೆ ಈ ಶಾಸ್ತ್ರ ಕಟ್ಟಿದೋರೇ ಹಾಗೆ ಶುರು ಮಾಡ್ಲಿಲ್ಲ. ಕಾರ್ಲ್ ಟೆರ್ಜಾಗಿ ಆಸ್ಟ್ರಿಯಾದ ಗ್ರಾಜ್‌ನಲ್ಲಿ ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್, ಡಿಗ್ರಿ ಮುಗಿದಿದ್ದು 1904ರಲ್ಲಿ, ಸಾಯಿಲ್ ಮೆಕ್ಯಾನಿಕ್ಸ್‌ಗೆ ಬುನಾದಿ ಹಾಕಿದ ಅವರ ಪುಸ್ತಕ ಬಂದಿದ್ದು 1925ರಲ್ಲಿ. ಮಧ್ಯದ ವರ್ಷಗಳಲ್ಲಿ ಸೈಟು, ಜಿಯಾಲಜಿ, ಅಣೆಕಟ್ಟು, ಪಾಠ ಹೇಳೋದು ಎಲ್ಲಾ ಇತ್ತು. ಈ ಶಾಸ್ತ್ರದ ಇನ್ನೊಂದು ದೊಡ್ಡ ಹೆಸರು ರಾಲ್ಫ್ ಪೆಕ್, ಅವರು ಡಾಕ್ಟರೇಟ್ ಮಾಡಿದ್ದು ಸ್ಟ್ರಕ್ಚರಲ್‌ನಲ್ಲಿ, ಇಷ್ಟ ಇದ್ದಿದ್ದು ಸೇತುವೆ ಮೇಲೆ. ಆಮೇಲೆ ಹಾರ್ವರ್ಡ್‌ಗೆ ಹೋಗಿ ಮಣ್ಣಿನ ಪಾಠ ಕಲಿತು, 1939ರಲ್ಲಿ ಷಿಕಾಗೋ ಸಬ್‌ವೇ ಕೆಲ್ಸಕ್ಕೆ ಹೋಗಿ ಅಲ್ಲಿ ದಿನಾ ಸುರಂಗದ ಅಳತೆ ತಗೊಂಡು ತಗೊಂಡೇ ಪೆಕ್ ಆದ್ರು.

ಅದು ಹಳೇ ಕಾಲ, ಈಗ ಹಾಗೆಲ್ಲ ನಡೆಯಲ್ಲ ಅಂತೀರಾ, ಸ್ವಲ್ಪ ನಿಜ. ಆದ್ರೂ ಮೊದಲ ನಾಲ್ಕೈದು ವರ್ಷದಲ್ಲಿ ನನ್ನ ಪ್ರಕಾರ ನೋಡ್ಬೇಕಾದ್ದು ಒಂದೇ: ನೀವು ಲೆಕ್ಕ ಹಾಕಿದ್ದು ನೆಲದಲ್ಲಿ ಏನಾಯ್ತು ಅಂತ ನೋಡೋ ಅವಕಾಶ ಎಷ್ಟು ಸಲ ಸಿಗ್ತಿದೆ? ಪೈಲ್ 12 ಎಂಎಂ ಇಳಿಯತ್ತೆ ಅಂತ ಲೆಕ್ಕ ಹಾಕಿದ್ರಿ, ಲೋಡ್ ಟೆಸ್ಟ್‌ನಲ್ಲಿ (ಪೈಲ್ ಮೇಲೆ ಭಾರ ಹಾಕಿ ನೋಡಿದಾಗ) 4 ಎಂಎಂ ಬಂತು, ಯಾಕೆ? ಆ ಯಾಕೆಗೆ ಉತ್ತರ ಹುಡುಕೋ ಜಾಗದಲ್ಲಿದ್ರೆ ಯಾವ ಸ್ಪೆಷಲೈಸೇಷನ್ ಆದ್ರೂ ಪರ್ವಾಗಿಲ್ಲ. ಲೆಕ್ಕ ಹಾಕಿ ಕಳ್ಸಿಬಿಡೋದು, ಆಮೇಲೆ ಏನಾಯ್ತೋ ಗೊತ್ತೇ ಆಗಲ್ಲ ಅನ್ನೋ ಜಾಗದಲ್ಲಿದ್ರೆ, ಅದು ಎಷ್ಟೇ ಫ್ಯಾನ್ಸಿ ಪ್ರಾಜೆಕ್ಟ್ ಆಗಿರ್ಲಿ, ಚಿಂತೆ ಮಾಡೋ ವಿಷ್ಯ.

ಮೆಟ್ರೋ ಟನಲ್‌ನಲ್ಲಿದೀನಿ. ಸುರಂಗ ಮುಗಿದ್ಮೇಲೆ ನಾನೇನ್ಮಾಡ್ಲಿ?

ಬೆಂಗಳೂರಿನ ಪಿಂಕ್ ಲೈನ್‌ನ ಡೈರಿ ಸರ್ಕಲ್‌ನಿಂದ ನಾಗವಾರದವರೆಗಿನ ಸುರಂಗ ಕೊರೆಯೋದು 2024ರ ಅಕ್ಟೋಬರ್‌ನಲ್ಲಿ ಮುಗೀತು. ಒಂಬತ್ತು ಟಿಬಿಎಂ (ಸುರಂಗ ಕೊರೆಯೋ ಮಿಷಿನ್), ಊರ್ಜಾ, ಅವನಿ, ತುಂಗಾ, ಭದ್ರಾ ಅಂತೆಲ್ಲಾ ಹೆಸರಿಟ್ಟು ಕೊರೆದಿದ್ದು. ಅದ್ರ ಹಿಂದೆ ಇದ್ದ ಚಿಕ್ಕ ವಯಸ್ಸಿನ ಇಂಜಿನಿಯರ್‌ಗಳಲ್ಲಿ ಈ ಪ್ರಶ್ನೆ ಕೇಳ್ದೇ ಇರೋರು ಕಮ್ಮಿ.

ನೀವು ಅಲ್ಲಿ ಕಲ್ತಿದ್ದನ್ನ "ಟನಲ್" ಅಂತ ಒಂದೇ ಮಾತಲ್ಲಿ ಹೇಳ್ಬೇಡಿ. ಬೆಂಗಳೂರಿನ ನೆಲ ಗ್ನೈಸ್ ಮತ್ತು ಗ್ರಾನೈಟ್, ಲಾಲ್‌ಬಾಗ್ ಬಂಡೆ ಇದ್ಯಲ್ಲ, ಅದೇ ಸುಮಾರು 300 ಕೋಟಿ ವರ್ಷ ಹಳೇ ಕಲ್ಲು. ಆದ್ರೆ ಆ ಕಲ್ಲು ಎಲ್ಲಾ ಕಡೆ ಒಂದೇ ಆಳದಲ್ಲಿ ಒಂದೇ ಥರ ಕೊಳೆತಿಲ್ಲ, ಹಾಗಾಗಿ ಟಿಬಿಎಂ ಮುಖದ ಕೆಳಗರ್ಧ ಗಟ್ಟಿ ಬಂಡೆ, ಮೇಲರ್ಧ ಸಡಿಲ ಮಣ್ಣು, ಮಧ್ಯ ಒಂದು ಗುಂಡುಕಲ್ಲು ಅಂತ ಆಗತ್ತೆ. ಕೆಳಗಡೆ ಕಟರ್ ಸವೆದು ಮಿಷಿನ್ ನಿಧಾನ ಆಗತ್ತೆ, ಅದೇ ಹೊತ್ತಲ್ಲಿ ಮೇಲಿನ ಮಣ್ಣು ಲೆಕ್ಕಕ್ಕಿಂತ ಜಾಸ್ತಿ ಒಳಗೆ ಬಂದು ಮೇಲೆ ರಸ್ತೆ ಕುಸಿಯೋ ಭಯ. ಇದನ್ನ ಸಂಭಾಳಿಸಿದೋರು ಅಂದ್ರೆ ನೀವು ಕಲ್ಲಿನ ಮುಖ ಓದೋದು ಕಲ್ತಿದೀರ, ಆರ್‌ಎಂಆರ್, ಕ್ಯೂ ವ್ಯಾಲ್ಯೂ (ಕಲ್ಲು ಎಷ್ಟು ಚೆನ್ನಾಗಿದೆ ಅಂತ ಹೇಳೋ ಅಂಕಗಳು) ಕೊಡೋದು ಕಲ್ತಿದೀರ, ಸೆಟಲ್‌ಮೆಂಟ್ ಮಾನಿಟರಿಂಗ್ (ನೆಲ ಎಷ್ಟು ಇಳೀತಿದೆ ಅಂತ ಅಳೆಯೋದು), ಪಕ್ಕದ ಹಳೇ ಕಟ್ಟಡಕ್ಕೆ ಏನಾಗತ್ತೆ ಅನ್ನೋ ಅಂದಾಜು, ನೀರು ತಡೆಯೋದು, ಗ್ರೌಟಿಂಗ್ (ಸಂದುಗಳಿಗೆ ಸಿಮೆಂಟ್ ಹಾಲು ಒತ್ತಿ ತುಂಬೋದು) ಎಲ್ಲಾ ಕಲ್ತಿದೀರ. ಇವಿಷ್ಟೂ ನಾಲ್ಕು ಬೇಸ್‌ಮೆಂಟ್ ಅಗೆಯೋ ಯಾವುದೇ ಆಫೀಸ್ ಬಿಲ್ಡಿಂಗ್‌ಗೆ, ಘಾಟಿ ರಸ್ತೆಗೆ, ಜಲವಿದ್ಯುತ್ ಪ್ರಾಜೆಕ್ಟ್‌ಗೆ, ಹಿಮಾಲಯದ ರೈಲು ಸುರಂಗಕ್ಕೆ ನೇರ ಬೇಕಾಗಿರೋದು. 2023ರ ನವೆಂಬರ್‌ನಲ್ಲಿ ಉತ್ತರಾಖಂಡದ ಸಿಲ್ಕ್ಯಾರಾದಲ್ಲಿ 41 ಜನ ಕಾರ್ಮಿಕರು ಸುರಂಗದೊಳಗೆ ಸಿಕ್ಕಾಕ್ಕೊಂಡಿದ್ದು ನೋಡಿದ್ಮೇಲಂತೂ ಕಲ್ಲು ಓದಕ್ಕೆ ಬರೋರು ನಮ್ ದೇಶಕ್ಕೆ ಎಷ್ಟು ಬೇಕು ಅಂತ ಬಿಡಿಸಿ ಹೇಳ್ಬೇಕಾಗಿಲ್ಲ.

ಎರಡು ವರ್ಷದಿಂದ ಬರೀ ಪೈಲ್. ನನ್ನನ್ನ ಪೈಲ್‌ನೋನು ಅಂತಾನೇ ಗುರುತಿಸಿಬಿಡ್ತಾರಾ?

ಪೈಲ್ ಚೆನ್ನಾಗಿ ಬಂದ್ರೆ ಅದೇನೂ ಕೆಟ್ಟ ಗುರುತಲ್ಲ. ಒಂದೇ ಐಎಸ್ 2911 (ಪೈಲ್‌ಗಿರೋ ಭಾರತೀಯ ಕೋಡ್) ಇಟ್ಕೊಂಡು ಒಂದೇ ಎಕ್ಸೆಲ್ ಶೀಟಲ್ಲಿ ಎನ್ ವ್ಯಾಲ್ಯೂ ಬದ್ಲಾಯ್ಸಿ ಬದ್ಲಾಯ್ಸಿ ರಿಪೋರ್ಟ್ ಕೊಡ್ತಿದ್ರೆ ಮಾತ್ರ ಕಷ್ಟ. ಆ ಎಕ್ಸೆಲ್ ಶೀಟ್‌ನ ಒಂದ್ಸಲ ಖಾಲಿ ಪೇಪರ್ ಮೇಲೆ ಕೈಯಲ್ಲಿ ಮಾಡಿ. ಪೈಲ್ ಲೋಡ್ ಟೆಸ್ಟ್‌ಗೆ ಹೋಗ್ತೀನಿ ಅಂತ ನೀವಾಗಿ ಕೇಳಿ, ಪೈಲ್ ಎಷ್ಟು ಇಳೀತು ಅಂತ ತೋರಿಸೋ ಡಯಲ್ ಗೇಜ್‌ನ ರಾತ್ರಿ ಓದೋ ಕೆಲ್ಸಾನಾದ್ರೂ ಸರಿ. ಎಷ್ಟು ಭಾರಕ್ಕೆ ಎಷ್ಟು ಇಳೀತು ಅನ್ನೋ ಕರ್ವ್ ಕಣ್ಮುಂದೆ ಬಗ್ಗೋದನ್ನ ನೋಡಿದ್ರೆ ಸ್ಕಿನ್ ಫ್ರಿಕ್ಷನ್ (ಪೈಲ್ ಮೈಗೂ ಮಣ್ಣಿಗೂ ಇರೋ ಘರ್ಷಣೆ) ಮೊದ್ಲು ಕೆಲಸ ಮಾಡತ್ತೆ, ತಳ ಆಮೇಲೆ ಅನ್ನೋದು ಮತ್ತೆ ಯಾವತ್ತೂ ಮರೆಯಲ್ಲ.

ಪ್ಲಾಕ್ಸಿಸ್ (ಮಣ್ಣಿನ ಲೆಕ್ಕ ಮಾಡೋ ಸಾಫ್ಟ್‌ವೇರ್) ಕಲಿತ್ರೆ ಸಾಕಾ? ಎಲ್ಲಾ ಜಾಬಲ್ಲೂ ಅದನ್ನೇ ಕೇಳ್ತಾರೆ.

ಕಲೀರಿ, ಬೇಕು. ಆದ್ರೆ ಸಿಂಗಪುರದ ನಿಕಲ್ ಹೈವೇ ಕೇಸ್ ಓದಿ ಆಮೇಲೆ ಕಲೀರಿ. 2004ರ ಏಪ್ರಿಲ್ 20ರಂದು ಅಲ್ಲಿ ಮೆಟ್ರೋ ಸರ್ಕಲ್ ಲೈನ್‌ಗೆ ಅಂತ ಅಗೆದಿದ್ದ ದೊಡ್ಡ ಗುಂಡಿ ಕುಸಿದು ನಾಲ್ಕು ಜನ ಸತ್ರು. ವಿಚಾರಣೆಯಲ್ಲಿ ಹೊರಬಿದ್ದ ಕಾರಣಗಳಲ್ಲಿ ಒಂದು ಸಾಫ್ಟ್‌ವೇರ್ ಮಾಡೆಲ್‌ನಲ್ಲಿತ್ತು. ಮೆತ್ತನೆ ಸಮುದ್ರದ ಜೇಡಿಗೆ ಮೋರ್-ಕೂಲಂಬ್ ಅನ್ನೋ ಸರಳ ಮಾಡೆಲ್ ಹಾಕಿ, ಎಫೆಕ್ಟಿವ್ ಸ್ಟ್ರೆಂತ್ (ನೀರಿನ ಒತ್ತಡ ಕಳೆದು ಲೆಕ್ಕ ಹಾಕೋ ಬಲ) ನಂಬರ್ ಕೊಟ್ಟು, ಅನ್‌ಡ್ರೇನ್ಡ್ (ಮಣ್ಣೊಳಗಿನ ನೀರು ಹೊರಗೆ ಹೋಗಕ್ಕೆ ಟೈಮಿಲ್ಲ) ಅಂತ ಓಡ್ಸಿದ್ರು. ಹಾಗೆ ಮಾಡಿದ್ರೆ ನಿಜವಾಗ್ಲೂ ಆ ಜೇಡಿಯಲ್ಲಿ ಇರೋದಕ್ಕಿಂತ ಜಾಸ್ತಿ ಶಕ್ತಿ ಇದೆ ಅಂತ ಲೆಕ್ಕ ಬರತ್ತೆ, ಗುಂಡಿ ಸುತ್ತ ಮಣ್ಣು ತಡೆಯೋ ಗೋಡೆ ಎಷ್ಟು ಬಗ್ಗತ್ತೆ ಅನ್ನೋದು ಕಮ್ಮಿ ಕಾಣತ್ತೆ. ಜೊತೆಗೆ ಸ್ಟ್ರಟ್ (ಗೋಡೆಗಳ ನಡುವಿನ ಅಡ್ಡ ಆಸರೆ) ಮತ್ತು ವೇಲರ್ (ಗೋಡೆಗುಂಟ ಹೋಗೋ ತೊಲೆ) ಸೇರೋ ಜಾಯಿಂಟ್ ಕೂಡ ಸಾಕಷ್ಟು ಬಲ ಇರ್ಲಿಲ್ಲ. ಗೋಡೆ ಲೆಕ್ಕಕ್ಕಿಂತ ಜಾಸ್ತಿ ಬಗ್ತಿದೆ ಅಂತ ಮಾನಿಟರಿಂಗ್ ರೀಡಿಂಗ್‌ಗಳು ಮೊದ್ಲೇ ಹೇಳ್ತಿದ್ವು.

ಬಟನ್ ಒತ್ತಕ್ಕೆ ಬರೋರಿಗೂ ಯಾವ ಮಣ್ಣಿಗೆ ಯಾವ ಮಾಡೆಲ್ ಅಂತ ಗೊತ್ತಿರೋರಿಗೂ ಇರೋ ವ್ಯತ್ಯಾಸ ಇಷ್ಟೇ, ಮತ್ತೆ ಇಷ್ಟು ದೊಡ್ಡದು. ಪ್ರತೀ ಸಲ ರನ್ ಮಾಡೋಕ್ಮುಂಚೆ ಕೈಯಲ್ಲಿ ಒಂದು ಒರಟು ಲೆಕ್ಕ ಹಾಕಿ ಬರ್ದಿಟ್ಕೊಳ್ಳಿ, ಉತ್ತರ ಎರಡು ಪಟ್ಟು ಆಚೀಚೆ ಬಂದ್ರೆ ಯಾವುದು ತಪ್ಪು ಅಂತ ತಿಳ್ಕೊಳ್ಳೋವರ್ಗೂ ಯಾರಿಗೂ ಕಳಿಸ್ಬೇಡಿ. ಪೈಥಾನ್ ಸ್ವಲ್ಪ ಬಂದ್ರೆ ಒಳ್ಳೇದು, ನೂರಾರು ಬೋರ್‌ಹೋಲ್ ಡೇಟಾ ಒಟ್ಟಿಗೆ ನೋಡೋಕೆ ತುಂಬಾ ಉಪಯೋಗ.

ಎಂಟೆಕ್ ಮಾಡ್ಲಾ? ಮಾಡೋದಾದ್ರೆ ಯಾವಾಗ?

ಜಿಯೋಟೆಕ್‌ನಲ್ಲೇ ಇರ್ತೀನಿ ಅಂತ ಗಟ್ಟಿ ಇದ್ರೆ ಮಾಡಿ, ಡಿಸೈನ್ ಕಡೆ ಹೋಗಕ್ಕೆ ಬಹಳ ಕಡೆ ಅದಿಲ್ದೇ ಬಾಗಿಲೇ ತೆಗೆಯಲ್ಲ. ಬಿಇಯಲ್ಲಿ ನಮ್ಗೆ ಮಣ್ಣಿನ ಬಗ್ಗೆ ಹೇಳ್ಕೊಡೋದು ಎರಡು ಪೇಪರ್ ಅಷ್ಟೇ. ಐಐಎಸ್‌ಸಿ, ಸುರತ್ಕಲ್ ಎನ್‌ಐಟಿಕೆ, ಐಐಟಿಗಳು ಎಲ್ಲಾ ಕಡೆ ಗೇಟ್ ಪರೀಕ್ಷೆ ಮೂಲಕ ದಾರಿ ಇದೆ, ಗೇಟ್ ಸ್ಕೋರ್ ಮೂರು ವರ್ಷ ನಡೆಯತ್ತೆ, ಹಾಗಾಗಿ ಬಿಇ ಕೊನೇ ವರ್ಷದಲ್ಲಿ ಬರ್ದು, ಒಂದೆರಡು ವರ್ಷ ಸೈಟ್ ನೋಡಿ, ಅದೇ ಸ್ಕೋರಲ್ಲಿ ಹೋಗ್ಬಹುದು. ನಂಗೆ ಈ ದಾರಿ ಇಷ್ಟ, ಯಾಕಂದ್ರೆ ಸೈಟ್ ನೋಡಿ ಹೋದೋರು ಕ್ಲಾಸಲ್ಲಿ ಕೇಳೋ ಪ್ರಶ್ನೆನೇ ಬೇರೆ ಥರ ಇರತ್ತೆ. ಮನೆಯಲ್ಲಿ ದುಡ್ಡಿನ ಅನುಕೂಲ ನೋಡ್ಕೊಂಡು ತೀರ್ಮಾನ ಮಾಡಿ, ಹೊರದೇಶದ ಎಂಎಸ್‌ಗೆ ಸಾಲ ಮಾಡೋ ಮುಂಚೆ ಅಲ್ಲಿ ಓದಿದ ಮೂರ್ನಾಲ್ಕು ಜನರ ಹತ್ರ ಕೆಲಸ ಹೇಗೆ ಸಿಕ್ತು ಅಂತ ವಿಚಾರಿಸಿ.

ಸ್ಟ್ರಕ್ಚರಲ್‌ಗೆ ಹೋದ್ರೆ ವಾಸಿನಾ? ಅಲ್ಲಿ ಕೆಲಸ ಜಾಸ್ತಿ ಅಂತಾರೆ.

ಕೆಲಸಗಳ ಸಂಖ್ಯೆ ಅಲ್ಲಿ ಜಾಸ್ತಿ, ಅದು ನಿಜ. ಹತ್ತು ಸ್ಟ್ರಕ್ಚರಲ್ ಇಂಜಿನಿಯರ್ ಇರೋ ಆಫೀಸಲ್ಲಿ ಒಬ್ರು ಜಿಯೋಟೆಕ್‌ನೋರು ಇದ್ರೆ ಹೆಚ್ಚು. ಆದ್ರೆ ಆ ಒಬ್ರನ್ನ ಬದ್ಲಾಯಿಸೋದು ಕಷ್ಟ ಅನ್ನೋದೂ ಅಷ್ಟೇ ನಿಜ. ಸಂಬಳಕ್ಕೋಸ್ಕರ ಹೋಗೋದಾದ್ರೆ ಆಫರ್ ಲೆಟರ್ ಹೋಲಿಸಿ ನೋಡಿ, ಊಹೆ ಮೇಲೆ ಹೋಗ್ಬೇಡಿ. ಮಣ್ಣು ಇಷ್ಟ ಇಲ್ಲ, ನಿಖರವಾಗಿ ಉತ್ತರ ಬರೋ ಕೆಲಸನೇ ಬೇಕು ಅನ್ನೋರು ಖಂಡಿತ ಹೋಗಿ, ಇಲ್ಲಿ ಯಾವತ್ತೂ ಡೇಟಾ ಪೂರ್ತಿ ಸಿಗಲ್ಲ, ಅದು ಸಹಿಸಕ್ಕಾಗ್ದೇ ಇದ್ರೆ ದಿನಾ ಒದ್ದಾಡ್ತೀರ.

ಬೆಂಗಳೂರಲ್ಲಿ ಕೂತು ಬ್ರಿಟನ್, ಆಸ್ಟ್ರೇಲಿಯಾ ಪ್ರಾಜೆಕ್ಟ್ ಮಾಡ್ತೀನಿ. ಇಲ್ಲಿನ ಮಣ್ಣು ಕಲೀಬೇಕಾ?

ಡಿಸೈನ್ ಸೆಂಟರ್‌ಗಳಲ್ಲಿ ಇರೋರದ್ದು ಇದು ದೊಡ್ಡ ಚಿಂತೆ, ಅದು ನಂಗೆ ಅರ್ಥ ಆಗತ್ತೆ. ಯೂರೋಕೋಡ್ 7 (ಯೂರೋಪಿನ ಜಿಯೋಟೆಕ್ ಕೋಡ್) ಬಾಯಿಪಾಠ ಆಗಿರತ್ತೆ, ಲಂಡನ್ ಕ್ಲೇ (ಲಂಡನ್ ಕೆಳಗಿನ ಜೇಡಿ ಮಣ್ಣು) ಬಗ್ಗೆ ರಿಪೋರ್ಟ್ ಬರ್ದಿರ್ತಾರೆ, ಲಂಡನ್ ಕ್ಲೇ ಕೈಯಲ್ಲಿ ಮುಟ್ಟಿರಲ್ಲ. ಮುಟ್ಟಕ್ಕಾಗಲ್ಲ ಅಂದ್ರೆ ನಮ್ಮ ಮಣ್ಣನ್ನಾದ್ರೂ ಮುಟ್ಟಿ, ಕರ್ನಾಟಕದಷ್ಟು ಥರಾವರಿ ನೆಲ ಒಂದೇ ರಾಜ್ಯದಲ್ಲಿ ಸಿಗೋದು ಪುಣ್ಯ.

ಹುಬ್ಬಳ್ಳಿ, ಗದಗ, ವಿಜಯಪುರ ಕಡೆ ಎರೆ ಮಣ್ಣು. ಬೇಸಿಗೆಯಲ್ಲಿ ಕೈ ಇಳಿಯೋಷ್ಟು ಬಿರುಕು, ಮಳೆ ಬಂದ್ರೆ ಊದಿ ಮನೆ ಗೋಡೆ ಎತ್ತತ್ತೆ, ಒಳಗೆ ಇರೋ ಮಾಂಟ್‌ಮೊರಿಲೊನೈಟ್ ಅನ್ನೋ ಜೇಡಿ ಖನಿಜ ನೀರು ಕುಡಿಯೋದ್ರಿಂದ. ಅದಕ್ಕೇ ಅಂಡರ್‌ರೀಮ್ಡ್ ಪೈಲ್ (ಬುಡದ ಹತ್ರ ಅಗಲ ಮಾಡಿದ ಪೈಲ್) ಬಂದಿದ್ದು, ಊದೋ ಪದರ ದಾಟಿ ಕೆಳಗೆ ಗಟ್ಟಿ ಹಿಡ್ಕೊಳ್ಳಕ್ಕೆ. ಕರಾವಳಿಗೆ ಬಂದ್ರೆ ಮುರಕಲ್ಲಿನ ಕೆಳಗೆ ಬಿಳಿ, ಗುಲಾಬಿ ಬಣ್ಣದ ಶೇಡಿ ಮಣ್ಣು. ಒಣಗಿದ್ದಾಗ ಪಿಕಾಸಿಯಲ್ಲಿ ಕಡಿದ್ರೆ ನೆಟ್ಟಗೆ ಗೋಡೆ ಥರ ನಿಲ್ಲತ್ತೆ, ಜೂನ್‌ನಲ್ಲಿ ನೀರು ಒಳಗೆ ಹೋದ್ರೆ ಶಕ್ತಿ ಬಿಟ್ಟುಬಿಡತ್ತೆ. ಏಪ್ರಿಲ್‌ನಲ್ಲಿ ಸ್ಯಾಂಪಲ್ ತಗೊಂಡು ಟೆಸ್ಟ್ ಮಾಡಿದ ಸ್ಟ್ರೆಂತ್‌ನ ಜುಲೈನ ಗುಡ್ಡಕ್ಕೆ ಹಾಕಿದ್ರೆ ಏನಾಗತ್ತೆ ಅಂತ ಯೋಚಿಸಿ, ಹಾಗಾಗಿ ನೆನೆಸಿ ಟೆಸ್ಟ್ ಮಾಡಿದ್ರಾ ಅಂತ ಕೇಳೋದೇ ಅಲ್ಲಿ ಮೊದಲ ಪ್ರಶ್ನೆ ಆಗ್ಬೇಕು. ಬೆಂಗಳೂರಲ್ಲೇ ಧರ್ಮಾಂಬುಧಿ ಕೆರೆ ಮೇಲೆ ಮೆಜೆಸ್ಟಿಕ್ ಬಸ್ ಸ್ಟಾಂಡ್, ಸಂಪಂಗಿ ಕೆರೆ ಮೇಲೆ ಕಂಠೀರವ ಸ್ಟೇಡಿಯಂ, ಇಂಥ ಮುಚ್ಚಿದ ಕೆರೆ ಅಂಗಳಗಳಲ್ಲಿ ಬೋರ್ ಹಾಕಿದ್ರೆ ಮೇಲೆ ತುಂಬಿದ ಮಣ್ಣು, ಅದ್ರ ಕೆಳಗೆ ಕೆರೆ ಹೂಳು ಬರೋ ಸಾಧ್ಯತೆ ಇಟ್ಕೊಂಡೇ ಹೋಗ್ಬೇಕು. ಪಕ್ಕದ ರಸ್ತೆಯಲ್ಲಿ ಆರು ಮೀಟರ್‌ಗೆ ಬಂಡೆ ಸಿಕ್ತು ಅಂತಾರೆ, ಒಂದು ಮೀಟರ್ ಕೋರ್ (ಕೊರೆದು ತೆಗೆಯೋ ಕಲ್ಲಿನ ತುಂಡು) ತೆಗೆದು ನಿಲ್ಲಿಸಿರ್ತಾರೆ, ಇನ್ನೂ ಕೆಲವು ಮೀಟರ್ ಕೊರೆದಿದ್ರೆ ಅದು ಬರೀ ಗುಂಡುಕಲ್ಲು, ಕೆಳಗೆ ಮತ್ತೆ ಮಣ್ಣು ಅಂತ ಗೊತ್ತಾಗ್ತಿತ್ತು.

ಇದನ್ನೆಲ್ಲಾ ನೋಡಿದೋರಿಗೆ ಲಂಡನ್ ಕ್ಲೇ ರಿಪೋರ್ಟ್ ಓದೋವಾಗ ಕೇಳ್ಬೇಕಾದ ಪ್ರಶ್ನೆಗಳು ತಾನಾಗೇ ಬರತ್ತೆ. ವಾರಾಂತ್ಯದಲ್ಲಿ ಯಾವ್ದಾದ್ರೂ ಡ್ರಿಲ್ಲಿಂಗ್ ಸೈಟ್‌ಗೆ ಪರ್ಮಿಷನ್ ತಗೊಂಡು ಹೋಗಿ, ಇಲ್ಲಾ ನಿಮ್ಮ ಮ್ಯಾನೇಜರ್‌ಗೆ ಇಲ್ಲಿನ ಒಂದು ಲೋಕಲ್ ಪ್ರಾಜೆಕ್ಟ್‌ನಲ್ಲಿ ಮೂರು ತಿಂಗಳು ಹಾಕಿ ಅಂತ ಕೇಳಿ. ಇನ್ನೊಂದು ವಿಷ್ಯ, ಬ್ರಿಟನ್‌ನಲ್ಲಾಗ್ಲಿ ಆಸ್ಟ್ರೇಲಿಯಾದಲ್ಲಾಗ್ಲಿ ಚಾರ್ಟರ್ಡ್ (ಅಲ್ಲಿನ ಸಂಸ್ಥೆ ಮಾನ್ಯತೆ ಕೊಟ್ಟ ಇಂಜಿನಿಯರ್) ಆಗ್ಬೇಕಂದ್ರೆ ನೀವೇನು ಮಾಡಿದ್ರಿ, ಯಾವ ತೀರ್ಮಾನ ತಗೊಂಡ್ರಿ ಅಂತ ಪುರಾವೆ ಕೇಳ್ತಾರೆ, ಇವತ್ತಿಂದ್ಲೇ ಬರ್ದಿಟ್ಕೊಳ್ಳಿ.

ಹುಡುಗಿ ಅಂತ ಸೈಟ್‌ಗೆ ಕಳಿಸ್ತಿಲ್ಲ, ಲ್ಯಾಬ್‌ಗೆ ಇಲ್ಲಾ ರಿಪೋರ್ಟ್‌ಗೆ ಹಾಕ್ತಾರೆ. ಏನ್ಮಾಡ್ಲಿ?

ಇದು ಅನ್ಯಾಯ. ಸೈಟ್ ನೋಡಿಲ್ಲ ಅಂತ ಮುಂದೆ ಪ್ರಮೋಷನ್ ತಪ್ಪಿಸೋದೂ ಇದೇ ಜನಾನೇ. ಶೌಚಾಲಯ ಇಲ್ಲ, ರಾತ್ರಿ ವಾಪಸ್ ಬರಕ್ಕೆ ಗಾಡಿ ಇಲ್ಲ ಅನ್ನೋದು ನಿಜವಾದ ತೊಂದರೆಗಳೇ, ಆದ್ರೆ ಅದನ್ನ ಸರಿ ಮಾಡ್ಬೇಕಾದ್ದು ಕಂಪನಿ, ಅದನ್ನೇ ನೆಪ ಮಾಡ್ಕೊಂಡು ನಿಮ್ಮನ್ನ ಆಫೀಸಲ್ಲಿ ಕೂರಿಸೋದಲ್ಲ. ಬರವಣಿಗೆಯಲ್ಲೇ ಕೇಳಿ: ಇಂಥ ಪ್ರಾಜೆಕ್ಟ್, ಇಂಥ ತಿಂಗಳು, ನಂಗೆ ಸೈಟ್ ಬೇಕು ಅಂತ.

ಐಐಎಸ್‌ಸಿಯ ಪ್ರೊಫೆಸರ್ ಮಾಧವಿ ಲತಾ ಅವರು ಜಮ್ಮು-ಕಾಶ್ಮೀರದ ಚೆನಾಬ್ ರೈಲು ಸೇತುವೆಯ ಇಳಿಜಾರು ಮತ್ತು ಅಡಿಪಾಯದ ಕೆಲ್ಸದಲ್ಲಿ 17 ವರ್ಷ ಇದ್ರು. ನದಿಯಿಂದ 359 ಮೀಟರ್ ಎತ್ತರದ ಸೇತುವೆ, 2025ರ ಜೂನ್ 6ರಂದು ಉದ್ಘಾಟನೆ ಆಯ್ತು. ಅಲ್ಲಿ ಮೊದ್ಲೇ ಮಾಡಿಟ್ಟ ಒಂದು ಡಿಸೈನ್ ಹಿಡ್ಕೊಂಡು ಕೂರೋಕೆ ಆಗ್ತಿರ್ಲಿಲ್ಲ, ಅಗೆದಂಗೆ ಅಗೆದಂಗೆ ಬಿರುಕು, ಪೊಳ್ಳು ಕಾಣಿಸ್ಕೊಂಡು ಡಿಸೈನ್ ಬದ್ಲಾಯಿಸ್ತಾ ಹೋಗ್ಬೇಕಾಯ್ತು. ಅಂಥ ಕೆಲ್ಸದಲ್ಲಿ ನೆಲ ಏನು ತೋರಿಸ್ತಿದೆ ಅಂತ ಗೊತ್ತಿಲ್ದೇ ಮುಂದಿನ ಹೆಜ್ಜೆನೇ ಇಡಕ್ಕಾಗಲ್ಲ. ನಿಮ್ಮ ಮ್ಯಾನೇಜರ್‌ಗೆ ಉದಾಹರಣೆ ಬೇಕಿದ್ರೆ ಇದನ್ನ ಕೊಡಿ.

ಮುಂದೆ ಯಾವುದಕ್ಕೆ ಬೇಡಿಕೆ ಇರತ್ತೆ?

ಇಂಥದ್ದೇ ಅಂತ ಹೇಳೋರನ್ನ ನಂಬ್ಬೇಡಿ. ನಂಗೆ ಕಾಣೋದು ಹೇಳ್ತೀನಿ. ಗುಡ್ಡದ ಇಳಿಜಾರಿನ ಕೆಲ್ಸ ನಮ್ಮಲ್ಲಿ ಬೇಕಾದಷ್ಟಿದೆ, ಮಾಡೋರು ಕಮ್ಮಿ. ಕುಸಿದ ಕಡೆಗಳನ್ನೇ ನೋಡಿ: 2018ರ ಆಗಸ್ಟ್‌ನಲ್ಲಿ ಕೊಡಗು, 2024ರ ಜುಲೈ 16ಕ್ಕೆ ಅಂಕೋಲಾ ಹತ್ರ ಶಿರೂರಲ್ಲಿ ಹೆದ್ದಾರಿ ಪಕ್ಕದ ಗುಡ್ಡ, ಪ್ರತೀ ಮಳೆಗಾಲ ಶಿರಾಡಿ ಘಾಟಿ. ಇದು ಕೆರಿಯರ್ ವಿಷ್ಯ ಮಾತ್ರ ಅಲ್ಲ, ಜನ ಸಾಯ್ತಿದಾರೆ, ಓದಿದ ನಮ್ಮಂಥೋರು ಆ ಕಡೆ ಹೋಗ್ಬೇಕು ಅಂತ ನಂಗೆ ಬಲವಾಗಿ ಅನ್ಸತ್ತೆ. ಇನ್ನೊಂದು ಗಣಿ ತ್ಯಾಜ್ಯದ ಅಣೆಕಟ್ಟು. 2019ರಲ್ಲಿ ಬ್ರೆಜಿಲ್‌ನ ಬ್ರುಮಾಡಿನ್ಯೋದಲ್ಲಿ ಅಂಥದ್ದೊಂದು ಅಣೆಕಟ್ಟು ಒಡೆದು 270 ಜನ ಸತ್ತ ಮೇಲೆ 2020ರಲ್ಲಿ ಅಂತಾರಾಷ್ಟ್ರೀಯ ಸ್ಟ್ಯಾಂಡರ್ಡ್ ಬಂತು, ಆಸ್ಟ್ರೇಲಿಯಾ, ಕೆನಡಾ ಎಲ್ಲಾ ಕಡೆ ಇದ್ರ ಕೆಲ್ಸ ಇದೆ. ನಮ್ಮಲ್ಲೂ ಕುದುರೆಮುಖದ ಲಕ್ಯಾ ಡ್ಯಾಮ್ ಇದೆ, ಕೆಜಿಎಫ್‌ನ ಸೈನೈಡ್ ದಿಬ್ಬಗಳಿವೆ, ಗಣಿ ನಿಂತ್ರೂ ಅವು ಅಲ್ಲೇ ಇರತ್ತೆ.

ಕಂಪನಿಯಲ್ಲಿ ಹೇಳ್ಕೊಡೋ ಸೀನಿಯರೇ ಇಲ್ಲ.

ಇಂಡಿಯನ್ ಜಿಯೋಟೆಕ್ನಿಕಲ್ ಸೊಸೈಟಿ 1948ರಿಂದ ಇದೆ, ಬೆಂಗಳೂರು ಚಾಪ್ಟರ್ ಲೆಕ್ಚರ್‌ಗಳಿಗೆ ಹೋಗಿ, ಮುಗಿದ ಮೇಲೆ ಟೀ ಟೈಮಲ್ಲಿ ಒಂದು ಬೋರ್‌ಲಾಗ್ ತೋರ್ಸಿ ಪ್ರಶ್ನೆ ಕೇಳಿ. ಹಿರಿಯರಿಗೆ "ಗೈಡ್ ಮಾಡಿ ಸರ್" ಅಂದ್ರೆ ಏನು ಹೇಳ್ಬೇಕೋ ಗೊತ್ತಾಗಲ್ಲ, "ಇಲ್ಲಿ ಎನ್ ಯಾಕೆ ಏಕಾಏಕಿ ಇಳೀತು" ಅಂದ್ರೆ ಅರ್ಧ ಗಂಟೆ ಕೂತ್ಕೊಂಡು ಹೇಳ್ತಾರೆ. ಹಳೇ ಡ್ರಿಲ್ಲರ್‌ಗಳನ್ನ ಮರೀಬೇಡಿ, ಬೋರ್‌ನಿಂದ ಮೇಲೆ ಬರೋ ವಾಷಿಂಗ್ ನೀರಿನ ಬಣ್ಣ ಬದ್ಲಾದಾಗ್ಲೇ ಪದರ ಬದ್ಲಾಯ್ತು ಅಂತ ಹೇಳೋರು ಅವರು.

ಎರಡೇ ಬೋರ್ ಹಾಕಿ ಆರು ಬೋರ್‌ನ ರಿಪೋರ್ಟ್ ಮಾಡು ಅಂತಾರೆ. ಕೆರಿಯರ್ ಶುರುವಲ್ಲೇ ಜಗಳ ಬೇಡ ಅಂತ ಸುಮ್ನಿರ್ಲಾ?

ಬೇಡ, ಸುಮ್ನಿರ್ಬೇಡಿ. ಮೇಲಿನ ಎಲ್ಲಾ ಪ್ರಶ್ನೆಗೂ "ನೋಡ್ಕೊಂಡು ಮಾಡಿ" ಅಂತ ಹೇಳ್ಬಹುದು, ಇದಕ್ಕೆ ಹೇಳಲ್ಲ. ಇಲ್ಲದೇ ಇರೋ ಬೋರ್‌ಗೆ ಎನ್ ವ್ಯಾಲ್ಯೂ ಬರೆಯೋದು ಕಲ್ತ ಕಂಪನಿಯಲ್ಲಿ ಮಣ್ಣಿನ ಬಗ್ಗೆ ಕಲಿಯಕ್ಕೆ ಏನೂ ಉಳಿದಿರಲ್ಲ, ಅದ್ರ ಮೇಲೆ ಕಟ್ಟಿದ ಮನೆಯಲ್ಲಿ ಯಾರೋ ಸಂಸಾರ ಮಾಡ್ತಾರೆ. ಬೇರೆ ಕೆಲ್ಸ ಹುಡುಕಕ್ಕೆ ಇವತ್ತೇ ಶುರು ಮಾಡಿ, ಸಿಗೋವರ್ಗೂ ನೀವು ನಿಂತು ನೋಡಿದ ಬೋರ್‌ಗೆ ಮಾತ್ರ ಸಹಿ ಹಾಕಿ, ಫೀಲ್ಡ್ ಶೀಟ್‌ನ ದಿನದ ಫೋಟೋ ನಿಮ್ಮ ಹತ್ರ ಇಟ್ಕೊಳ್ಳಿ, ಸಹಿ ಹಾಕಲ್ಲ ಅನ್ನೋದನ್ನ ಮೇಲ್‌ನಲ್ಲಿ ಒಂದೇ ಸಾಲಲ್ಲಿ ಮರ್ಯಾದೆಯಿಂದ ಬರ್ದು ಕಳ್ಸಿ.